ಹುರುಳಿ ಹೊಲದಲ್ಲಿ ಇಳಿದ ಗ್ಲೈಡರ್

2025ರ ಜನವರಿ 20, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಗುಂಡ್ಲುಪೇಟೆ ಠಾಣೆಗೆ ಬಂದ ಮನುಷ್ಯ, ಇನ್‌ಸ್ಪೆಕ್ಟರ್ ಸ್ವರ್ಣಲತಾ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ಅಬ್ದುಲ್ ರಹೀಂ. ಚಾಮರಾಜನಗರದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದರು. ಬರೆದು ತಂದಿದ್ದ ದೂರನ್ನು ಮೇಜಿನ ಮೇಲಿಟ್ಟು, ಅದನ್ನು ಓದುವ ಮೊದಲೇ ಮಾತು ಶುರು ಮಾಡಿದರು.

"ನನ್ ಮಗಳು ಸಬಾ. ಇಪ್ಪತ್ತೊಂದು ವರ್ಷ. ನಿನ್ನೆ ಸಂಜೆ ಗ್ಲೈಡರ್ ಬಿದ್ದು ಹೋದ್ಳು. ಕಲಿಸ್ತೀನಿ ಅಂತ ಕರ್ಕೊಂಡು ಹೋದವರು ಬದುಕಿದಾರೆ. ಕಲಿಯೋಕೆ ಹೋದವಳು ಇಲ್ಲ. ಅದು ಹೆಂಗಾಗುತ್ತೆ ಮೇಡಂ?"

ಸ್ವರ್ಣಲತಾಗೂ ಬೆಳಿಗ್ಗೆಯಿಂದ ಅದೇ ಪ್ರಶ್ನೆ ಕಾಡುತ್ತಿತ್ತು. ಭಾನುವಾರ ಅವರು ಬಂದೋಬಸ್ತ್ ಕೆಲಸದ ಮೇಲೆ ಚಾಮರಾಜನಗರಕ್ಕೆ ಹೋಗಿದ್ದರು. 112ಕ್ಕೆ ಕರೆ ಬಂದಾಗ ಸ್ಥಳಕ್ಕೆ ಓಡಿದ್ದು ಹೆಡ್ ಕಾನ್‌ಸ್ಟೇಬಲ್ ರಂಗನಾಯಕ. ಅವರ ವರದಿಯಲ್ಲಿದ್ದದ್ದು ಇಷ್ಟು: ಗೋಪಾಲಸ್ವಾಮಿ ಬೆಟ್ಟದ ಕಡೆ ಒಂದು ಖಾಸಗಿ ಕ್ಲಬ್ ಇದೆ. ಅಲ್ಲಿ ಎಂಜಿನ್ ಇಲ್ಲದ ವಿಮಾನವನ್ನು ಉದ್ದನೆಯ ಹಗ್ಗ ಕಟ್ಟಿ ಯಂತ್ರದಿಂದ ಎಳೆದು ಮೇಲಕ್ಕೆ ಹಾರಿಸುತ್ತಾರೆ. ಅದೇ ಗ್ಲೈಡರ್. ಮುಂದಿನ ಸೀಟಿನಲ್ಲಿ ಕಲಿಯುವವರು, ಹಿಂದೆ ಕಲಿಸುವವರು. ಭಾನುವಾರ ಸಂಜೆ ಹಿಂದೆ ಕೂತಿದ್ದವರು ವಾಯುಪಡೆಯಿಂದ ನಿವೃತ್ತರಾದ ಸುನೀಲ್ ಕುಮಾರ್, ಐವತ್ತೆಂಟು ವರ್ಷ. ಮುಂದೆ ಕೂತಿದ್ದವಳು ಸಬಾ, ಕಾಲೇಜಿನ ಎನ್‌ಸಿಸಿ ಹುಡುಗಿ. ಐದೂವರೆಯ ಹೊತ್ತಿಗೆ ಗ್ಲೈಡರು ಕ್ಲಬ್ಬಿಗೆ ವಾಪಸ್ ಬರಲಾಗದೆ ಹಳೇಹುಂಡಿ ಊರಿನ ಹೊಲವೊಂದರಲ್ಲಿ ಇಳಿದು, ಪಕ್ಕಕ್ಕೆ ತಿರುಗಿ ನಿಂತಿತು. ಹುಡುಗಿ ಅದರ ಪಕ್ಕದಲ್ಲೇ ಸತ್ತು ಬಿದ್ದಿದ್ದಳು. ತಲೆಗೆ ಪೆಟ್ಟಾಗಿದ್ದ ಸುನೀಲ್ ಕುಮಾರರನ್ನು ಮೈಸೂರಿನ ಆಸ್ಪತ್ರೆಗೆ ಸಾಗಿಸಲಾಯಿತು. ರಾತ್ರಿಯೇ ಅಸಹಜ ಸಾವಿನ ವರದಿ ದಾಖಲಾಗಿತ್ತು.

ಈಗ ತಂದೆಯ ದೂರು ಬಂತು. ಭಾರತೀಯ ನ್ಯಾಯ ಸಂಹಿತೆಯ ಕಲಂ 106(1), ನಿರ್ಲಕ್ಷ್ಯದಿಂದ ಸಾವು. ಆರೋಪಿ ಸುನೀಲ್ ಕುಮಾರ್. ಸ್ವರ್ಣಲತಾ ಎಫ್‌ಐಆರ್ ದಾಖಲಿಸಲು ಹೇಳಿದರು.

"ಸಹಿ ಮಾಡ್ತೀನಿ. ಆದ್ರೆ ಕುಯ್ಯೋದು ಬೇಡ ಮೇಡಂ," ಎಂದರು ಅಬ್ದುಲ್ ರಹೀಂ. "ಹಂಗೇ ಕೊಡಿ. ಮಣ್ಣು ಮಾಡ್ತೀವಿ."

"ಪೋಸ್ಟ್‌ಮಾರ್ಟಂ ಇಲ್ಲದೆ ಆಗಲ್ಲ."

"ಬಿದ್ದು ಸತ್ತಳು ಅಂತ ಎಲ್ರಿಗೂ ಗೊತ್ತಲ್ಲ?"

"ಕೋರ್ಟಿಗೆ ಗೊತ್ತಿಲ್ಲ. ನಾಳೆ ಆ ಕಡೆ ವಕೀಲರು ಕೇಳ್ತಾರೆ, ಹೇಗೆ ಸತ್ತಳು ಅಂತ. ನಾನೇನು ಹೇಳಲಿ?"

ಅವರು ಹೊರಗೆ ಹೋಗಿ, ಹುಣಸೆಮರದ ಕೆಳಗೆ ನಿಂತು ಹೆಂಡತಿಗೆ ಫೋನ್ ಮಾಡಿದರು. ಉರ್ದುವಿನಲ್ಲಿ ಬಹಳ ಮೆಲ್ಲಗೆ ಮಾತಾಡಿದರು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. "ಎಲ್ಲಿ ಸಹಿ ಹಾಕ್ಬೇಕು?" ಎಂದರು.

ತಾಲೂಕು ಆಸ್ಪತ್ರೆಯ ಶವಾಗಾರದಲ್ಲಿ ಪಂಚರ ಸಮ್ಮುಖದಲ್ಲಿ ಶವ ಪಂಚನಾಮೆ ನಡೆಯಿತು. ಹುಡುಗಿಯ ಮೈಮೇಲೆ ಕ್ಲಬ್ಬಿನ ನೀಲಿ ಅಂಗಿ, ಪ್ಯಾಂಟು. ತಲೆಗೆ ಕಟ್ಟಿದ್ದ ಬಟ್ಟೆ ಒಂಚೂರೂ ಕದಲಿರಲಿಲ್ಲ. ಆಕಾಶದಿಂದ ಬಿದ್ದವಳ ಮುಖದಲ್ಲಿ ಒಂದು ತರಚು ಗಾಯವೂ ಇರಲಿಲ್ಲ. ಸ್ವರ್ಣಲತಾ ಕಾಲ ಕಡೆ ಬಂದರು. ಕ್ಯಾನ್ವಾಸ್ ಶೂಗಳಿಗೆ ಕಣಕಾಲಿನವರೆಗೂ ಕಪ್ಪು ಕೆಸರು ಮೆತ್ತಿಕೊಂಡು ಒಣಗಿತ್ತು.

"ರಂಗನಾಯಕ್, ಗ್ಲೈಡರ್ ಇಳಿದ ಹೊಲದಲ್ಲಿ ನೀರಿತ್ತಾ?"

"ಇಲ್ಲ ಮೇಡಂ. ಹುರುಳಿ ಕಿತ್ತ ಹೊಲ. ಕಾಲಿಟ್ರೆ ಧೂಳು ಏಳ್ತದೆ."

"ನಿಮ್ಮ ಬೂಟಿಗೆ ಕೆಸರಾಗಿತ್ತಾ?"

ರಂಗನಾಯಕ ತನ್ನ ಬೂಟುಗಳನ್ನು ನೋಡಿಕೊಂಡರು. "ಇಲ್ಲ."

ಶೂಗಳನ್ನು ಬೇರೆ ಚೀಲದಲ್ಲಿ ಹಾಕಿ ಅರಗು ಒತ್ತಿಸಿದರು.

ಮಧ್ಯಾಹ್ನ ಡಾಕ್ಟರ್ ಸಿಂಧು ಕೈಗವಸು ಕಳಚುತ್ತ ವರಾಂಡಕ್ಕೆ ಬಂದರು. ಆಸ್ಪತ್ರೆಗೆ ಸೇರಿ ಎರಡು ವರ್ಷವಾಗಿದ್ದ ಆಕೆ ಅಳೆದು ತೂಗಿ ಮಾತಾಡುವ ಸ್ವಭಾವದವರು.

"ಮೂಳೆ ಒಂದೂ ಮುರಿದಿಲ್ಲ. ತಲೆಬುರುಡೆ, ಪಕ್ಕೆಲುಬು ಎಲ್ಲ ಸರಿಯಾಗಿದೆ. ಒಳಗೆ ರಕ್ತಸ್ರಾವ ಇಲ್ಲ. ಬಿದ್ದ ಪೆಟ್ಟಿಗೆ ಸತ್ತಿಲ್ಲ."

"ಮತ್ತೆ?"

"ಬಲ ಅಂಗೈಯಲ್ಲಿ ಅಡ್ಡಡ್ಡ ಸುಟ್ಟ ಗೆರೆ ಇದೆ. ಮೊಳಕಾಲಿನ ಕೆಳಗೂ ಅಂಥದೇ ಒಂದು. ಕರೆಂಟು ಮೇಡಂ. ಬರಿ ತಂತಿ ಹಿಡಿದಿದ್ದಾಳೆ."

ಸ್ವರ್ಣಲತಾ ಅಲ್ಲಿಂದಲೇ ಕ್ಲಬ್ಬಿಗೆ ಫೋನ್ ಮಾಡಿದರು. ಗ್ಲೈಡರಿನಲ್ಲಿ ಇರುವುದು ರೇಡಿಯೋಗೆ ಬೇಕಾದ ಒಂದು ಸಣ್ಣ ಬ್ಯಾಟರಿ. ಅದನ್ನು ಮುಟ್ಟಿದರೆ ಇರುವೆಯೂ ಸಾಯುವುದಿಲ್ಲ ಎಂಬ ಉತ್ತರ ಬಂತು. ಶವವನ್ನು ಬಂಧುಗಳಿಗೆ ಒಪ್ಪಿಸುವಾಗ ಅವರು ಅಬ್ದುಲ್ ರಹೀಂಗೆ ಏನೂ ಹೇಳಲಿಲ್ಲ. ಅರ್ಧ ಗೊತ್ತಿರುವ ಸಂಗತಿಯನ್ನು ಸತ್ತವರ ಮನೆಯವರಿಗೆ ಹೇಳಬಾರದೆಂಬುದು ಹದಿನಾಲ್ಕು ವರ್ಷದ ಸರ್ವೀಸು ಕಲಿಸಿದ ಪಾಠ.

ಸಂಜೆ ನಾಲ್ಕಕ್ಕೆ ಅವರು ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಸುನೀಲ್ ಕುಮಾರ್ ತಲೆಗೆ ಕಟ್ಟು ಹಾಕಿಸಿಕೊಂಡು ದಿಂಬಿಗೆ ಒರಗಿದ್ದರು. ಎತ್ತರದ ಆಳು. ಪೊಲೀಸರನ್ನು ಕಂಡವರೇ ನೇರ ಕೂರಲು ಹೋದರು, ಆಗಲಿಲ್ಲ.

"ಏನಾಯ್ತು, ಮೊದಲಿನಿಂದ ಹೇಳಿ."

"ಬೆಟ್ಟದ ಕಡೆಯಿಂದ ಗಾಳಿ ಕೆಳಕ್ಕೆ ಒತ್ತಿತು. ರನ್‌ವೇ ಮುಟ್ಟಲ್ಲ ಅಂತ ಗೊತ್ತಾಯ್ತು. ಕಂಟ್ರೋಲ್ ನಾನು ತಗೊಂಡೆ. ಖಾಲಿ ಹೊಲ ನೋಡಿ ಇಳಿಸಿದೆ. ಸ್ಪೀಡ್ ಓದ್ತಾ ಇರು ಅಂದೆ. ಕೊನೇವರೆಗೂ ಓದಿದಳು. ಧ್ವನಿ ನಡುಗಲಿಲ್ಲ."

"ಇಳಿದ ಮೇಲೆ?"

"ರೆಕ್ಕೆ ತುದಿ ಬದುವಿಗೆ ತಾಗಿ ಸುತ್ತಿತು. ನನ್ನ ತಲೆ ಪಕ್ಕದ ಕಂಬಿಗೆ ಹೊಡೀತು. ಅವಳು ಬೆಲ್ಟ್ ಬಿಚ್ಚಿ ಹೊರಗೆ ಇಳಿದಳು."

"ಇಳಿದಳು? ತಾನೇ?"

"ತಾನೇ. 'ಸರ್, ಅಲ್ಲಿ ಯಾರೋ ಇದಾರೆ, ಕರ್ಕೊಂಡು ಬರ್ತೀನಿ' ಅಂದಳು. ಆ ಕಡೆಯಿಂದ ಒಬ್ಬ ಗಂಡಸು ಕೂಗ್ತಿದ್ದ. ಆಮೇಲೆ ನನಗೆ ಕಣ್ಣು ಕತ್ತಲೆ ಬಂತು. ಎಚ್ಚರ ಆದಾಗ ಯಾರದೋ ಬೆನ್ನ ಮೇಲಿದ್ದೆ." ಅವರು ತಲೆಯ ಕಟ್ಟನ್ನು ಮುಟ್ಟಿ ನೋಡಿಕೊಂಡರು. "ಅವಳು ಗ್ಲೈಡರ್ ಪಕ್ಕದಲ್ಲೇ ಸತ್ತಿದ್ದಳು ಅಂತ ಎಲ್ಲರೂ ಹೇಳ್ತಾರೆ. ನನ್ನ ತಲೆಗೆ ಪೆಟ್ಟು ಬಿದ್ದಿದೆ. ಕನಸೋ ನಿಜವೋ ನನಗೇ ಗೊತ್ತಾಗ್ತಿಲ್ಲ. ನನ್ನಿಂದ ಸತ್ತಿದ್ದರೆ ಹೇಳಿಬಿಡಿ ಮೇಡಂ. ನಾನು ವಕೀಲರನ್ನ ಇಡಲ್ಲ."

ಬೆಳಿಗ್ಗೆ ಈತನನ್ನು ಬಂಧಿಸುವ ಮನಸ್ಸಿನಲ್ಲಿದ್ದ ಸ್ವರ್ಣಲತಾ ಹೇಳಿಕೆ ಬರೆಸಿಕೊಂಡು ಎದ್ದರು. ದಾರಿಯಲ್ಲಿ ರಂಗನಾಯಕರನ್ನು ಕೇಳಿದರು: "ಇವರನ್ನ ಹೊತ್ತುಕೊಂಡು ಬಂದೋರು ಯಾರು?"

"ಪಕ್ಕದ ಬಾಳೆತೋಟದ ಮಹಾಲಿಂಗ ಮೇಡಂ. ಫೋನ್ ಮಾಡ್ದೋನೂ ಅವನೇ. ಇಷ್ಟೆತ್ತರದ ಆಳ್ನ ಒಬ್ನೇ ರೋಡ್‌ಗಂಟ ಹೊತ್ಕೊಂಡು ಬಂದವ್ನೆ. ಎಸ್ಪಿ ಸಾಹೇಬ್ರಿಗೆ ಬರೆದು ಒಂದು ಪ್ರಶಂಸಾ ಪತ್ರ ಕೊಡಿಸ್ಬೇಕು ಅಂದ್ಕೊಂಡಿದ್ದೆ."

"ಹೇಳಿಕೆಯಲ್ಲಿ ಏನಂದ?"

"ತಾನು ಬರೋ ಹೊತ್ಗೆ ಹುಡುಗಿ ವಿಮಾನದ ಮಗ್ಗುಲಲ್ಲೇ ಬಿದ್ದಿತ್ತು ಅಂದ."

ಜೀಪು ನಂಜನಗೂಡು ದಾಟುವಾಗ ಸ್ವರ್ಣಲತಾ ಮರುದಿನ ಬೆಳಿಗ್ಗೆ ಹಳೇಹುಂಡಿಗೆ ಇಬ್ಬರು ಪಂಚರನ್ನು ಕರೆಸಲು ಹೇಳಿದರು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವರು ಹಳೇಹುಂಡಿ ತಲುಪಿದರು. ಅಪಘಾತದ ತನಿಖೆಗೆ ದಿಲ್ಲಿಯಿಂದ ಅಧಿಕಾರಿಗಳು ಬರುವವರೆಗೆ ಗ್ಲೈಡರನ್ನು ಮುಟ್ಟುವಂತಿರಲಿಲ್ಲ. ಭಾನುವಾರ ಸಂಜೆಯಿಂದಲೂ ಕಾನ್‌ಸ್ಟೇಬಲ್ ದಿಲೀಪ್ ಮತ್ತು ಇನ್ನೊಬ್ಬರು ಪಾಳಿಯ ಮೇಲೆ ಕಾವಲಿದ್ದರು. ಬಿಳಿ ಗ್ಲೈಡರು ಒಂದು ರೆಕ್ಕೆಯನ್ನು ನೆಲಕ್ಕೂರಿ, ನೀರು ಕುಡಿಯಲು ಬಗ್ಗಿದ ಕೊಕ್ಕರೆಯಂತೆ ನಿಂತಿತ್ತು. ಹಿಂದೆ ಬೆಟ್ಟದ ತಲೆಯನ್ನು ಮೋಡ ಮುಚ್ಚಿತ್ತು.

ಸ್ವರ್ಣಲತಾ ಇಬ್ಬರು ಪಂಚರನ್ನು ಜೊತೆಗಿಟ್ಟುಕೊಂಡು ಗ್ಲೈಡರಿನ ಮೂತಿಯಿಂದ ಹೊರಟರು. ಧೂಳಿನಲ್ಲಿ ಶೂ ಗುರುತು ಸುಲಭವಾಗಿ ಸಿಕ್ಕಿತು. ಅಟ್ಟೆಯಲ್ಲಿ ಅಲೆಅಲೆಯಾದ ಗೆರೆ; ಚೀಲದಲ್ಲಿದ್ದ ಶೂವಿನದೂ ಅದೇ. ಗುರುತುಗಳು ನೇರ ಬಾಳೆತೋಟದ ಕಡೆಗೆ ಹೋಗಿದ್ದವು. ಓಡಿದ ಹೆಜ್ಜೆಗಳಲ್ಲ, ಬೇಗಬೇಗ ನಡೆದ ಹೆಜ್ಜೆಗಳು. ತೋಟದ ಅಂಚಿನಲ್ಲಿ ಬಾಳೆಗೆ ನೀರು ಹರಿಸುವ ಕಾಲುವೆ. ಅದರ ಕಪ್ಪು ಕೆಸರಿನಲ್ಲಿ ಎರಡು ಹೆಜ್ಜೆ ಹೂತಿದ್ದವು. ಅಲ್ಲಿಗೆ ಶೂ ಗುರುತು ಮುಗಿಯಿತು. ವಾಪಸ್ ಬಂದ ಗುರುತೇ ಇರಲಿಲ್ಲ. ಗ್ಲೈಡರಿನ ಕಡೆಗೆ ವಾಪಸ್ ಹೋಗಿದ್ದವು ಬರಿಗಾಲಿನ ಹೆಜ್ಜೆಗಳು, ಹಿಮ್ಮಡಿ ಆಳಕ್ಕೆ ಊರಿದ್ದವು, ಭಾರ ಹೊತ್ತವನವು.

ಕಾಲುವೆಯ ಆಚೆ, ಕಾಡಾನೆ ತಡೆಯಲು ಈ ಕಡೆಯವರು ಹಾಕುವಂತೆ, ತೋಟದ ಸುತ್ತ ನೀಲಗಿರಿ ಗೂಟಗಳ ಸಾಲಿತ್ತು. ಪ್ರತಿ ಗೂಟಕ್ಕೂ ಎರಡು ಎತ್ತರದಲ್ಲಿ ಸೈಕಲ್ ಟ್ಯೂಬಿನ ತುಂಡು ಸುತ್ತಿ ಮೊಳೆ ಹೊಡೆದಿತ್ತು. ತಂತಿ ಮಾತ್ರ ಇರಲಿಲ್ಲ. ಕೆಳಗಿನ ಟ್ಯೂಬಿನ ಮಟ್ಟಕ್ಕೆ ಹುಲ್ಲಿನ ತುದಿ ಕಂದಿ ಕಪ್ಪಾಗಿತ್ತು. ಗೂಟದ ಬುಡದಲ್ಲಿ ಸತ್ತ ಮುಂಗುಸಿಯೊಂದಕ್ಕೆ ಇರುವೆ ಮುತ್ತಿದ್ದವು.

"ತಂತಿ ಇಲ್ಲದ ಬೇಲಿ ಯಾರು ಹಾಕ್ತಾರೆ ರಂಗನಾಯಕ್?"

ರಂಗನಾಯಕ ಪ್ರಶಂಸಾ ಪತ್ರದ ಮಾತು ನೆನಪಾಗಿ ಮುಖ ತಿರುಗಿಸಿದರು.

ಅಷ್ಟರಲ್ಲಿ ತೋಟದೊಳಗಿಂದ ಮಹಾಲಿಂಗ ಬಂದ. ನಲವತ್ತೈದರ ಆಸುಪಾಸು, ಒಣಕಲು ಮೈ, ಭುಜದ ಮೇಲೆ ಟವೆಲು, ಬರಿಗಾಲು. ಕಣ್ಣುಗಳು ಗುಳಿಬಿದ್ದು ಕೆಂಡದ ಹಾಗಿದ್ದವು. ಕೈಯಲ್ಲಿ ಸ್ಟೀಲ್ ಚೊಂಬು, ಲೋಟಗಳು.

"ಬಿಸ್ಲಲ್ಲಿ ನಿಂತಿದ್ದೀರಿ ಮೇಡಮ್ನೋರೆ. ಮಜ್ಜಿಗೆ ತಕ್ಕಳಿ."

ಸ್ವರ್ಣಲತಾ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. ಬದುವಿನ ಮೇಲೆ ಇಟ್ಟರು.

"ನೀವು ಬಂದಾಗ ಹುಡುಗಿ ಎಲ್ಲಿತ್ತು?"

"ಅಲ್ಲೇ, ವಿಮಾನದ ಮಗ್ಗುಲಲ್ಲಿ."

"ಶೂಗೆ ಈ ಕಾಲುವೆ ಕೆಸರು ಹೆಂಗಾಯ್ತು?"

"ಗೊತ್ತಿಲ್ಲ."

"ಬೇಲಿ ತಂತಿ ಎಲ್ಲಿ?"

"ತಂತಿ ಕಟ್ಟಿಲ್ಲ ಇನ್ನೂವ. ಕಟ್ಬೇಕು ಅಂತ ಗೂಟ ಊರಿದ್ದೆ."

"ಹುಲ್ಲು ಯಾಕೆ ಸುಟ್ಟಿದೆ?"

ಅವನು ಹುಲ್ಲನ್ನು ನೋಡಿದ. ಮೂರನೇ ಲೋಟ ಅವನ ಕೈಯಲ್ಲೇ ಉಳಿದಿತ್ತು.

"ಅವಳ ಅಂಗೈ ಸುಟ್ಟಿದೆ ಮಹಾಲಿಂಗ. ಡಾಕ್ಟರ್ ಬರೆದುಕೊಟ್ಟಿದ್ದಾರೆ. ನೀವು ಹೇಳದಿದ್ದರೆ ನಾನು ಲೈನ್‌ಮ್ಯಾನ್ ಕರೆಸ್ತೀನಿ, ಕಂಬ ಹತ್ತಿಸ್ತೀನಿ, ಬಾವಿ ಜಾಲಾಡಿಸ್ತೀನಿ. ಅಷ್ಟರಲ್ಲಿ ಮೈಸೂರಲ್ಲಿ ಮಲಗಿರೋ ಒಬ್ಬರು, ನಿಮ್ಮ ಬೆನ್ನ ಮೇಲೆ ಬಂದೋರು, ತನ್ನಿಂದಲೇ ಹುಡುಗಿ ಸತ್ತಳು ಅಂದ್ಕೊಂಡು ಜೈಲಿಗೆ ಹೋಗೋಕೆ ತಯಾರಾಗಿದ್ದಾರೆ."

ಮಹಾಲಿಂಗ ಹಾಗೆಯೇ ಬದುವಿನ ಮೇಲೆ ಕುಕ್ಕರಿಸಿದ. ರಂಗನಾಯಕ ಅವನ ಕೈಯಿಂದ ಲೋಟ ತೆಗೆದುಕೊಂಡರು.

"ಅವ್ರಿಗೇನೂ ಮಾಡ್ಬ್ಯಾಡಿ," ಎಂದ. "ಅವ್ರ್ದು ತಪ್ಪಿಲ್ಲ. ತಂತಿ ನಂದೇ."

"ಹಗಲಲ್ಲೂ ಕರೆಂಟ್ ಇರ್ತಿತ್ತಾ?"

"ಇಲ್ಲ ತಾಯಿ. ಕತ್ಲಾದ್ಮೇಲೆ ಕಂಬುಕ್ಕೆ ಕೊಕ್ಕೆ ಆಕಿ, ಬೆಳಗಾಗೋಕ್ಕೆ ಮುಂಚೆ ತಗ್ದುಬುಡ್ತಿದ್ದೆ. ಆವತ್ತು ಮೈ ಕಾಯ್ತಿತ್ತು. ಎಂಡ್ರು ತೆರಕಣಾಂಬಿಗೆ, ತೌರಿಗೋಗಿದ್ಲು. ಬೆಳಕಿರಂಗೇ ಕೊಕ್ಕೆ ಆಕ್ಬುಟ್ಟು ಮನಿಕಬುಡನ ಅಂತ..."

"ಆಮೇಲೆ?"

"ಸದ್ದಿಲ್ದೆ ಬಂತು ತಾಯಿ ಅದು. ತಲೆ ಮ್ಯಾಲೆ ನೆಳ್ಳು ಬಿದ್ದಾಗ್ಲೇ ನಾ ನೋಡಿದ್ದು. ಇಳೀತು, ತಿರುಗ್ತು. ತ್ವಾಟದ ಅಂಚ್ಗೆ ಓಡೋಡ್ ಬಂದೆ. ಆ ಮಗ ಒರಗಡೆ ಇಳ್ದು ನಿಂತ್ಕಂಡು ಕೈ ಬೀಸ್ತಿತ್ತು. ನಾನೇ ಕರ್ದೆ."

"ಏನಂತ ಕರೆದೆ?"

"'ಬಾ ಮಗ ಇತ್ತಗೆ, ಎದ್ರುಕೋಬ್ಯಾಡ, ನೀರ್ ಕೊಡ್ತೀನಿ ಬಾ' ಅಂದೆ. ತಂತಿ ಗ್ಯಾನ ಬರ್ಲಿಲ್ಲ ತಾಯಿ. ದೇವ್ರಾಣೆಗೂ ಬರ್ಲಿಲ್ಲ. ಕಾಲ್ವೆ ದಾಟಿ, ತಂತಿ ಅದುಮಿ ದಾಟಕ್ಕೆ ಅಂತ ಕೈ ಆಕ್ದಾಗ ಗ್ಯಾನ ಬಂತು. ಕೂಗ್ದೆ. ಅಷ್ಟೊತ್ಗೆ ಆಗೋಗಿತ್ತು."

ಪಂಚರಲ್ಲೊಬ್ಬ ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೆಣ ಯಾಕೆ ಸಾಗಿಸಿದೆ?"

"ಕೊಕ್ಕೆ ಕಿತ್ತೆ. ಕಾಲುಜ್ಜಿದೆ, ನೀರ್ ಬುಟ್ಟೆ. ಎದ್ದೇಳ್ನಿಲ್ಲ. ಎತ್ಕಂಡೋಗಿ ವಿಮಾನದತ್ರ ಮನಗ್ಸಿದೆ. ಬಿದ್ದು ಸತ್ತದೆ ಅಂದ್ಕತಾರೆ ಅಂತ ಆಗ ತಲೆಗ್ ಬಂತು. ಒಳಗೆ ಅವ್ರು ನರಳ್ತಾ ಇದ್ರು. ಅವ್ರ್ನಾದ್ರೂ ಉಳಿಸ್ಬೇಕು ಅಂತ ಹೊತ್ಕಂಡು ಓಡ್ದೆ. ಆಂಬುಲೆನ್ಸ್ ಬರೋಕ್ಮುಂಚೆ ವಾಪಸ್ ಬಂದು ತಂತಿ ಸುತ್ತಿ ಬಾವಿಗಾಕ್ದೆ."

ಹನ್ನೊಂದು ಗಂಟೆಯ ಹೊತ್ತಿಗೆ ತೋಟದ ಮೂಲೆಯ ಪಾಳುಬಾವಿಯಿಂದ, ಪಂಚರ ಎದುರು, ಬರಿ ತಂತಿಯ ಎರಡು ಸುರುಳಿಗಳನ್ನೂ ತುದಿಗೆ ಕೊಕ್ಕೆ ಕಟ್ಟಿದ್ದ ಬಿದಿರು ಗಳವನ್ನೂ ಮೇಲೆತ್ತಲಾಯಿತು. ಲೈನ್‌ಮ್ಯಾನ್ ಕಂಬದ ತಂತಿಯ ಮೇಲೆ ಕೊಕ್ಕೆ ಉಜ್ಜಿದ ಹೊಳಪಿನ ಗುರುತು ತೋರಿಸಿದ. ಜಪ್ತಿ ಪಂಚನಾಮೆ ಬರೆದು, ಮಹಾಲಿಂಗನಿಗೆ ಬಂಧನದ ಕಾರಣ ತಿಳಿಸಿ, ಹೆಬ್ಬೆಟ್ಟು ಹಾಕಿಸಿಕೊಂಡರು.

ಹೆಂಡತಿ ಚಿಕ್ಕಬಸಮ್ಮ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಕೈಯಲ್ಲಿ ತವರಿನಿಂದ ತಂದ ಅವರೆಕಾಯಿಯ ಚೀಲ. ಜೀಪಿನೊಳಗೆ ಗಂಡನನ್ನು ಕಂಡು ಅಳಲಿಲ್ಲ. ಸ್ವರ್ಣಲತಾ ಅವಳನ್ನು ಪಕ್ಕಕ್ಕೆ ಕರೆದರು.

"ತಂತಿ ಹಾಕೋದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ. ಬ್ಯಾಡ ಅಂದಿದ್ದೆ."

"ಆನೆ ಕಾಟಕ್ಕೆ ಅರಣ್ಯ ಇಲಾಖೆಗೆ ಹೇಳಬಹುದಿತ್ತು. ಸೋಲಾರ್ ಬೇಲಿ ಹಾಕಿಸಬಹುದಿತ್ತು."

"ಅದ್ಯಾವ್ದೂ ಇವ್ರ್ಗೆ ಸಾಕಾಗ್ತಿರ್ಲಿಲ್ಲ." ಚಿಕ್ಕಬಸಮ್ಮ ಚೀಲವನ್ನು ನೆಲಕ್ಕಿಟ್ಟಳು. "ಎರಡ್ವರ್ಸದ ಕೆಳಗೆ ನಮ್ ಬಾವ್ನೋರು, ಇವ್ರಣ್ಣ, ಇದೇ ತೋಟದಲ್ಲಿ ತೀರ್ಕಂಡ್ರು. ಅಣ್ತಮ್ಮ ಇಬ್ರೂ ಅಟ್ಟಣೆ ಮ್ಯಾಲೆ ಕಾವ್ಲಿದ್ರು. ಆ ಒತ್ನಲ್ಲಿ ಎಚ್ರ ಇರ್ಬೇಕಾಗಿದ್ದೋರು ಇವ್ರು. ಕಣ್ಮುಚ್ಚಿಬುಟ್ಟಿದ್ರು. ಆನೆ ಅಟ್ಟಣೆ ಕೆಡವ್ತು. ಇವ್ರು ಆ ಕಡೆ ಬಿದ್ರು, ಅವ್ರು ಆನೆ ಕಾಲ್ ಕೆಳಗೆ ಬಿದ್ರು. ಅವತ್ನಿಂದ ಇವ್ರು ರಾತ್ರಿ ಮನಗಿದ್ದು ನಾ ಕಾಣೆ. ತಂತಿ ಕಟ್ಟಿದ್ಮೇಲೇ ಒಂಚೂರು ನಿದ್ದೆ ಮಾಡಕ್ಕತ್ತಿದ್ದು. ಬಾಳೆ ಉಳೀಲಿ ಅಂತಲ್ಲ ಕಣವ್ವ."

ಸ್ವರ್ಣಲತಾ ಅದನ್ನೂ ಹೇಳಿಕೆಯಾಗಿ ಬರೆಸಿಕೊಂಡರು. ಕಾನೂನಿನ ಕಣ್ಣಿಗೆ ಅದರಿಂದ ಏನೂ ಬದಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಬುಧವಾರ ಮಹಾಲಿಂಗನನ್ನು ಗುಂಡ್ಲುಪೇಟೆ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ನಿರ್ಲಕ್ಷ್ಯದ ಕಲಂ ಬದಲಿಗೆ ಕೊಲೆಯಲ್ಲದ ನರಹತ್ಯೆ, ಸಾಕ್ಷ್ಯ ನಾಶ, ವಿದ್ಯುತ್ ಕಳವಿನ ಕಲಂಗಳನ್ನು ಸೇರಿಸಲು ಕೋರಿಕೆ ಹೋಯಿತು. ಸುನೀಲ್ ಕುಮಾರರ ಹೆಸರು ಆರೋಪಿಗಳ ಪಟ್ಟಿಯಿಂದ ಹೊರಬಂತು. ರಂಗನಾಯಕ ಫೋನಿನಲ್ಲಿ ಅವರಿಗೆ ವಿಷಯ ತಿಳಿಸಿದಾಗ "ಹಾಗಾದರೆ ಅವಳು ಮಾತಾಡಿದ್ದು ನಿಜ" ಎಂದು ಫೋನಿಟ್ಟರಂತೆ.

ಗುರುವಾರ ಮಧ್ಯಾಹ್ನ ಸ್ವರ್ಣಲತಾ ಸಮವಸ್ತ್ರದಲ್ಲೇ ಚಾಮರಾಜನಗರಕ್ಕೆ ಹೋದರು. ಈ ಮಾತನ್ನು ಫೋನಿನಲ್ಲಿ ಹೇಳಲು ಅವರಿಗೆ ಮನಸ್ಸಿರಲಿಲ್ಲ. ಮನೆ ತುಂಬ ನೆಂಟರಿದ್ದರು. ಅಬ್ದುಲ್ ರಹೀಂ ಎಲ್ಲರನ್ನೂ ನಡುಮನೆಗೆ ಕಳಿಸಿ, ಹೆಂಡತಿ ರಹಮತ್ ಬಿಯನ್ನು ಮಾತ್ರ ಉಳಿಸಿಕೊಂಡರು. ಸ್ವರ್ಣಲತಾ ನಡೆದದ್ದನ್ನೆಲ್ಲ ಹೇಳಿದರು: ಗ್ಲೈಡರು ಸರಿಯಾಗಿ ಇಳಿದದ್ದು, ಸಬಾಗೆ ಒಂದು ಗಾಯವೂ ಆಗದಿದ್ದದ್ದು, ಪೆಟ್ಟುಬಿದ್ದ ಗುರುವಿಗೆ ಸಹಾಯ ತರಲೆಂದು ನಡೆದದ್ದು, ತೋಟದವನು ಕರೆದದ್ದು, ಬೇಲಿ. ಮಹಾಲಿಂಗನ ಅಣ್ಣನ ವಿಷಯವನ್ನೂ ಮುಚ್ಚಿಡಲಿಲ್ಲ.

ಅಬ್ದುಲ್ ರಹೀಂ ನೆಲ ನೋಡುತ್ತ ಕೇಳಿದರು: "ಅವನಿಗೆ ಎಷ್ಟು ವರ್ಷ ಆಗ್ಬಹುದು ಮೇಡಂ?"

"ಅದು ಕೋರ್ಟಿಗೆ ಬಿಟ್ಟದ್ದು."

"ಆ ಸುನೀಲ್ ಸಾಹೇಬ್ರ ಬಗ್ಗೆ ನಾನು ಏನೇನೋ ಅಂದ್ಬಿಟ್ಟೆ. ಅವರು ಇರೋ ಆಸ್ಪತ್ರೆ ಯಾವುದು ಹೇಳಿ. ಹೋಗಿ ಬರ್ತೀನಿ."

ಸ್ವರ್ಣಲತಾ ವಿಳಾಸ ಹೇಳಿ ಎದ್ದರು. ಗೋಡೆಗೆ ಒರಗಿ ನಿಂತಿದ್ದ ರಹಮತ್ ಬಿ ಬಾಗಿಲ ಹತ್ತಿರ ಅವರ ಕೈ ಹಿಡಿದರು.

"ಆ ಮನುಷ್ಯ ನನ್ ಮಗಳನ್ನ ಕರೆದ ಅಂದ್ರಲ್ಲ. ಏನಂತ ಕರೆದ?"

"ಬಾ ಮಗ, ಹೆದರಬೇಡ, ನೀರು ಕೊಡ್ತೀನಿ ಬಾ ಅಂತ."

ರಹಮತ್ ಬಿ ತಲೆಯಾಡಿಸಿದರು. ಅವರ ಹಿಡಿತ ಸಡಿಲವಾಗಲಿಲ್ಲ.

"ಹಂಗೆ ಕರೆದ್ರೆ ಹೋಗ್ತಾಳೆ," ಎಂದರು. "ಹಂಗೆ ಕರೆದ್ರೆ ಯಾರ ಮನೆಗಾದ್ರೂ ಹೋಗ್ತಿದ್ಲು."